ಮೂರನೇ ಮಹಡಿಯ ತಪಸ್ವಿ

ಅನ್ನಪೂರ್ಣೆಗೆ ಮೊದಲು ಕೈಮುಗಿದು ಈ ಕಥೆ ಹೇಳಬೇಕು. ಯಾಕೆಂದರೆ ಇದರಲ್ಲಿ ಆ ತಾಯಿಗೆ ಸ್ವಲ್ಪ ಅಪಚಾರವಾಗಿದೆ. ಮಾಡಿದವರು ಕೆಟ್ಟವರಲ್ಲ. ಹಸಿದವರು, ಅಷ್ಟೇ.

ಸೂರತ್ತಿನ ಅಡಾಜಣ್ ಬಡಾವಣೆಯಲ್ಲಿ ಶಾಂತಿಧಾಮ ಎಂಬ ವಸತಿ ಸೊಸೈಟಿ. ಅದರ ಮೂರನೇ ಮಹಡಿಯಲ್ಲಿ ತಿಪಟೂರು ಕಡೆಯ ರಘುರಾಮರಾಯರು, ಬ್ಯಾಂಕಿನ ಮ್ಯಾನೇಜರರು, ವರ್ಗವಾಗಿ ಬಂದು ವಾಸವಾಗಿದ್ದರು. ಸಂಧ್ಯಾವಂದನೆ ತಪ್ಪಿಸದವರು, ಸಾಲ ಕೇಳಲು ಬಂದವರಿಗೂ ಕುರ್ಚಿ ಕೊಡುವವರು. ಒಂದೇ ತೊಂದರೆ. ಅವರ ರಕ್ತದೊಳಗಿನ ಸಕ್ಕರೆ ಗಡಿಯ ಮೇಲೆ ಬಂದು ನಿಂತು, ಆಚೆ ಹಾರಲೋ ಈಚೆ ಉಳಿಯಲೋ ಎಂದು ಯೋಚಿಸುತ್ತಿತ್ತು. ಮಾತ್ರೆ ಬೇಡ, ಬಾಯಿ ಕಟ್ಟಿದರೆ ಸಾಕು ಎಂದು ಡಾಕ್ಟರು ಹೇಳಿದ್ದರು. ಬಾಯಿ ಕಟ್ಟುವ ಕೆಲಸವನ್ನು ಇಷ್ಟು ದಿನ ಹೆಂಡತಿ ನಳಿನಿಯೇ ನಡೆಸಿಕೊಂಡು ಬಂದಿದ್ದರು.

ಈಗ ಮಗಳು ಅಕ್ಷತಾಳ ಬಾಣಂತನಕ್ಕೆಂದು ನಳಿನಿ ಹುಬ್ಬಳ್ಳಿಗೆ ಹೊರಟರು. ರೈಲಿನ ಕಿಟಕಿಯಿಂದ ಅವರು ಕೊಟ್ಟ ಉಪದೇಶ ಹೀಗಿತ್ತು:

"ನೋಡ್ರೀ, ನಾನು ಬರೋಷ್ಟರಲ್ಲಿ ಶುಗರ್ ಇಳಿದಿರ್ಬೇಕು. ಇಲ್ಲಾಂದ್ರೆ ನಮ್ಮನೇಲಿ ಇನ್ಮೇಲೆ ಒಬ್ಬಟ್ಟು ಅನ್ನೋ ಮಾತೇ ಇಲ್ಲ. ಆ ಹೆಬ್ಬಾರ್ರ ಹೋಟ್ಲು ಕಡೆ ತಲೆ ಹಾಕಿಯೂ ಮಲಗ್ಬೇಡಿ."

"ಹಂಗಾದ್ರೆ ಊಟಕ್ಕೇನ್ಮಾಡ್ಲಿ ನಳಿನಿ?"

"ರೆಡಿಮೇಡ್ ಬರುತ್ತಲ್ಲ, ಬಿಸಿನೀರು ಹಾಕಿದ್ರೆ ಆಯ್ತು. ಓದಿ ನೋಡಿ, ಒಳ್ಳೇದು ಆರಿಸ್ಕೊಳ್ಳಿ. ಅಷ್ಟು ಜನರ ಸಾಲದ ಅರ್ಜಿ ಓದೋರು, ಒಂದು ಪೊಟ್ಟಣ ಓದೋಕಾಗಲ್ವಾ?"

ರಾಯರು ಅದೇ ಸಂಜೆ ದೊಡ್ಡ ಅಂಗಡಿಗೆ ಹೋದರು. ಭೂತಗನ್ನಡಿ ಹಿಡಿದು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಪಾರಾಯಣ ಮಾಡಿದರು. ಅಲ್ಲಿ ಅವರಿಗೆ ಒಂದು ಸತ್ಯದ ದರ್ಶನವಾಯಿತು. ಪೊಟ್ಟಣದ ಮುಂಭಾಗದಲ್ಲಿ ಸ್ತೋತ್ರವಿರುತ್ತದೆ, ಹಿಂಭಾಗದಲ್ಲಿ ಪಾಪನಿವೇದನೆ. ಮುಂದೆ ಅಜ್ಜಿಯ ಕೈರುಚಿ ಎಂದಿದ್ದರೆ, ಹಿಂದೆ ಆ ಅಜ್ಜಿ ಹುಟ್ಟಿದಾಗಿನಿಂದ ಕೇಳಿರದ ರಾಸಾಯನಿಕಗಳ ಸಹಸ್ರನಾಮ. ಸಿರಿಧಾನ್ಯದ ಉಪ್ಪಿಟ್ಟು ಎಂದು ದಪ್ಪಕ್ಷರದಲ್ಲಿ ಬರೆದ ಡಬ್ಬಿಯಲ್ಲಿ ಸಿರಿಧಾನ್ಯ ಚಿಟಿಕೆಯಷ್ಟು, ಉಳಿದದ್ದು ರವೆ ಮತ್ತು ತಾಳೆ ಎಣ್ಣೆ. ಒಂದು ಬಿಸಿಬೇಳೆಭಾತಿನ ಪೊಟ್ಟಣ ಎರಡೂವರೆ ಜನರಿಗೆ ಸಾಲುತ್ತದೆಂದು ಬರೆದಿತ್ತು. ಆ ಅರ್ಧ ಮನುಷ್ಯ ಯಾರಿರಬಹುದೆಂದು ರಾಯರು ಬಹಳ ಹೊತ್ತು ನಿಂತು ಯೋಚಿಸಿದರು. ಅವರ ಭೂತಗನ್ನಡಿ, ಅವರ ಗಾಂಭೀರ್ಯ ಎರಡನ್ನೂ ಕಂಡ ಅಂಗಡಿಯ ಮೇಲ್ವಿಚಾರಕ, ಇವರು ಆಹಾರ ಇಲಾಖೆಯವರೇ ಇರಬೇಕೆಂದು ಓಡಿಹೋಗಿ ಸಕ್ಕರೆ ಜಾಸ್ತಿ ಹಾಕಿದ ಚಹಾ ತಂದುಕೊಟ್ಟ. ರಾಯರು ಕುಡಿದರು. ಪೊಟ್ಟಣ ಮಾತ್ರ ಕೊಳ್ಳಲಿಲ್ಲ.

ಬರುವ ದಾರಿಯಲ್ಲಿ ಜೈನರ ದೇರಾಸರದ, ಅಂದರೆ ಬಸದಿಯ, ಪಕ್ಕ ಒಂದು ಸಣ್ಣ ಅಂಗಡಿ. ನವರಾತ್ರಿಯ ದಿನಗಳು, ಬೀದಿಯಲ್ಲಿ ಗರ್ಬಾದ ದೀಪಗಳು. ಅಂಗಡಿಯ ಮುಂದಿನ ಕಪಾಟಿನಲ್ಲಿ ಬಿಳಿಯ ಪೊಟ್ಟಣಗಳು, ಮೇಲೆ ಗುಜರಾತಿಯಲ್ಲಿ ಒಂದೇ ಹೆಸರು: ಆಯಂಬಿಲ್. ಚಿತ್ರವಿಲ್ಲ, ಹೊಗಳಿಕೆಯಿಲ್ಲ, ನಗುವ ಅಜ್ಜಿಯೂ ಇಲ್ಲ.

"ಇದರಲ್ಲಿ ಏನೇನಿದೆ?" ಎಂದು ರಾಯರು ತಮ್ಮ ಹಿಂದಿಯಲ್ಲಿ ಕೇಳಿದರು.

"ಏನೂ ಇಲ್ಲ ಸಾಹೇಬ್," ಎಂದ ಅಂಗಡಿಯವನು. "ಎಣ್ಣೆ ಇಲ್ಲ, ತುಪ್ಪ ಇಲ್ಲ, ಹಾಲು ಮೊಸರು ಇಲ್ಲ, ಸಕ್ಕರೆ ಬೆಲ್ಲ ಇಲ್ಲ, ಖಾರ ಇಲ್ಲ. ಹೆಸರುಬೇಳೆ, ಅಕ್ಕಿ. ಬಿಸಿನೀರು ಹಾಕಿ."

ರಾಯರ ಕಣ್ಣಲ್ಲಿ ನೀರು ಬಂತು. ಇಡೀ ಸೂರತ್ತಿನಲ್ಲಿ ತನ್ನೊಳಗೆ ಏನೂ ಇಲ್ಲವೆಂದು ಒಪ್ಪಿಕೊಂಡ ಪೊಟ್ಟಣ ಇದೊಂದೇ. ಆಯಂಬಿಲ್ ಎಂದರೇನೆಂದು ಅವರು ಕೇಳಲಿಲ್ಲ. ಮ್ಯಾನೇಜರರಿಗೆ ತಮಗೆ ಗೊತ್ತಿಲ್ಲದ್ದನ್ನು ಕೇಳುವ ಅಭ್ಯಾಸ ಕಡಿಮೆ. ಕಪಾಟಿನಲ್ಲಿದ್ದದ್ದಷ್ಟನ್ನೂ ಚೀಲಕ್ಕೆ ತುಂಬಿಸಿಕೊಂಡು ಬಂದರು.

ಅವರ ಎದುರುಮನೆಯಲ್ಲಿ ಚಂಚಲಬೆನ್ ಎಂಬ ಮುದುಕಿ. ಸೊಸೈಟಿಗೆಲ್ಲ ಆಕೆ 'ಬಾ', ಅಂದರೆ ಅಮ್ಮ. ಆಕೆಯ ಮಗ ಹಿತೇನ್‌ಭಾಯಿಗೆ ಕತಾರ್‌ಗಾಮ್‌ನಲ್ಲಿ ವಜ್ರ ಉಜ್ಜುವ ಕಾರ್ಖಾನೆ. ಬಾ ಹಗಲೆಲ್ಲ ಬಾಗಿಲು ತೆರೆದಿಟ್ಟು, ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು ಜಪಮಾಲೆ ಎಣಿಸುತ್ತ ಕೂರುವವರು. ಜಪದ ಜೊತೆಗೆ ಲಿಫ್ಟಿನಿಂದ ಯಾರು ಇಳಿದರು, ಕೈಯಲ್ಲೇನಿದೆ ಎಂಬುದೂ ಎಣಿಕೆಗೆ ಸಿಗುತ್ತಿತ್ತು. ರಾಯರ ಚೀಲದಲ್ಲಿ ಬಿಳಿಯ ಪೊಟ್ಟಣಗಳನ್ನು ಕಂಡು ಅವರ ಮಾಲೆ ನಿಂತಿತು.

"ಆಯಂಬಿಲ್ ಕರೋ ಛೋ?" ಎಂದರು. ಆಯಂಬಿಲ್ ಮಾಡ್ತೀರಾ ಎಂದು.

"ಹಾ ಬಾ, ರೋಜ್," ಎಂದರು ರಾಯರು, ದಿನಾ ತಿನ್ನುತ್ತೇನೆಂಬ ಅರ್ಥದಲ್ಲಿ. "ಡಾಕ್ಟರು ಕಾದಾರಿದ ನೀರನ್ನೇ ಕುಡೀರಿ ಅಂದಿದ್ದಾರೆ" ಎಂಬುದನ್ನೂ ಸೇರಿಸಲು ಹೊರಟು, ಡಾಕ್ಟರು ಹೇಳಿದ್ದೆಂಬ ಭಾಗಕ್ಕೆ ಹಿಂದಿ ಕೈಕೊಟ್ಟು, "ಬರೀ ಕಾದಾರಿದ ನೀರು" ಎಂದಷ್ಟೇ ಹೇಳಿ ಒಳಗೆ ಹೋದರು.

ಬಾ ಕುರ್ಚಿಯಿಂದ ಎದ್ದು, ಮುಚ್ಚಿದ ಆ ಬಾಗಿಲಿಗೆ ಕೈಮುಗಿದರು.

ಇಲ್ಲಿ ಕೇಳುವವರಿಗೊಂದು ಮಾತು ಹೇಳಬೇಕು. ರಾಯರಿಗೆ ಗೊತ್ತಿರದಿದ್ದರೂ ನಿಮಗೆ ಗೊತ್ತಿರಲಿ. ಜೈನರಲ್ಲಿ ಆಯಂಬಿಲ್ ಎಂಬುದು ಒಂದು ತಪಸ್ಸು. ದಿನಕ್ಕೆ ಒಂದೇ ಸಲ, ಒಂದೇ ಕಡೆ ಕೂತು, ರಸವೆಂಬುದು ಯಾವುದೂ ಇಲ್ಲದ ಸಪ್ಪೆ ಅನ್ನವನ್ನು ಉಂಡು ಏಳಬೇಕು. ಕಾಯಿಸಿದ ನೀರು, ಅದೂ ಸೂರ್ಯ ಮುಳುಗುವ ತನಕ. ಆಶ್ವೀಜದಲ್ಲಿ ಇದನ್ನು ಸಾಲಾಗಿ ಹುಣ್ಣಿಮೆಯವರೆಗೆ ಮಾಡುವುದಕ್ಕೆ ಓಳಿ ಎನ್ನುತ್ತಾರೆ. ನಾಲಗೆಯನ್ನು ಗೆಲ್ಲುವ ವ್ರತ. ಅದನ್ನು ಮಾಡುವವರ ಮುಂದೆ ಉಳಿದವರು ತಲೆಬಾಗುತ್ತಾರೆ. ರಾಯರು ಅದೇ ಅನ್ನವನ್ನು ಬೆಳಿಗ್ಗೆ ಒಂದು ಪೊಟ್ಟಣ, ಮಧ್ಯಾಹ್ನ ಎರಡು, ಸಂಜೆ ಒಂದರಂತೆ ನಾಲಗೆಗೆ ತೋರಿಸದೆ ನುಂಗುತ್ತಿದ್ದರು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಸೊಸೈಟಿಯ ಕಾರ್ಯದರ್ಶಿ ಕೀರ್ತಿಭಾಯಿ, ಅವರ ಹಿಂದೆ ನಾಲ್ಕೈದು ಮಂದಿ ಹೆಂಗಸರು.

"ಶಾತಾ ಮಾ ಛೋ, ಸಾಹೇಬ್?" ಎಂದು ಕೀರ್ತಿಭಾಯಿ ವಿನಯದಿಂದ ಕೇಳಿದರು. ತಪಸ್ವಿಯನ್ನು ಸುಖವಾಗಿದ್ದೀರಾ ಎಂದು ವಿಚಾರಿಸುವ ರೀತಿ ಅದು. ರಾಯರು ತಮ್ಮ ಸಕ್ಕರೆಯ ವಿಷಯವೇ ಇರಬೇಕೆಂದುಕೊಂಡರು.

"ಇನ್ನೂ ಸ್ವಲ್ಪ ಜಾಸ್ತಿ ಇದೆ," ಎಂದರು ನಿಟ್ಟುಸಿರಿಟ್ಟು. "ಇಳಿಸ್ಬೇಕು."

"ನೋಡಿದಿರಾ?" ಎಂದು ಕೀರ್ತಿಭಾಯಿ ಹಿಂದೆ ತಿರುಗಿದರು. "ಸುಖವೇ ಜಾಸ್ತಿಯಾಯ್ತಂತೆ. ಇನ್ನೂ ಇಳಿಸ್ತಾರಂತೆ. ಕೇಳಿಸ್ಕೊಂಡಿರಾ?"

ಹೆಂಗಸರಲ್ಲಿ ಒಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಂದಿನಿಂದ ರಾಯರು ಬಂದರೆ ಲಿಫ್ಟಿನಲ್ಲಿದ್ದವರು ಇಳಿದು ನಿಲ್ಲುತ್ತಿದ್ದರು. ಅವರ ಸ್ಕೂಟರು ಕೀರ್ತಿಭಾಯಿಯ ಕಾರಿನ ಜಾಗದಲ್ಲಿ ನಿಂತರೂ ಯಾರೂ ಚಕಾರವೆತ್ತಲಿಲ್ಲ. ಮೊದಲು ಅದಕ್ಕೆ ದಂಡ ಬೀಳುತ್ತಿತ್ತು. ಬ್ಯಾಂಕಿಗೆ ಬಂದ ಜವಳಿ ವ್ಯಾಪಾರಿಯೊಬ್ಬ ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಅವರ ಕಾಲು ಮುಟ್ಟಿದ. ಜನ ಇಷ್ಟು ಸಂಸ್ಕಾರವಂತರೆಂದು ತಮಗೆ ಇಷ್ಟು ದಿನ ತಿಳಿದೇ ಇರಲಿಲ್ಲವೆಂದು ರಾಯರು ಫೋನಿನಲ್ಲಿ ನಳಿನಿಗೆ ಹೇಳಿದರು.

ನಿಜವನ್ನು ಹೇಳಿದವರು ಹೆಬ್ಬಾರರು. ಹೌದು, ರಾಯರು ಅಲ್ಲಿಗೆ ಹೋದರು. ಸಪ್ಪೆ ಹೆಸರುಬೇಳೆ ತಿಂದವನ ಕಾಲು ಸಂಜೆ ಯಾವ ದಿಕ್ಕಿಗೆ ನಡೆಯುತ್ತದೆಂಬುದು ಕಾಲಿಗೆ ಗೊತ್ತು. ಕೋಟದ ಕಡೆಯ ಪ್ರಶಾಂತ ಹೆಬ್ಬಾರರು ಗಲ್ಲಾದ ಹಿಂದೆ ಕೂತು ಎಲ್ಲವನ್ನೂ ಕೇಳಿ, ಹೊಟ್ಟೆ ಹಿಡಿದು ನಕ್ಕರು.

"ಎಂತ ಮಾರಾಯ್ರೆ! ನೀವು ತಿಂತಾ ಇರುದು ಡಯಟ್ಟಲ್ಲ, ವ್ರತ. ನಿಮ್ಮನ್ನ ಅವ್ರು ತಪಸ್ವಿ ಅಂತ ಮಾಡಿ ಇಟ್ಟಿದ್ರು."

ರಾಯರ ಕೈಯಲ್ಲಿದ್ದ ದೋಸೆಯ ತುಂಡು ಅಲ್ಲೇ ನಿಂತಿತು. "ಅಯ್ಯೋ ಶಿವನೇ. ಹಂಗಾದ್ರೆ ನಾಳೆನೇ ಹೇಳ್ಬಿಡ್ತೀನಿ."

"ಹೇಳಿ, ಹೇಳಿ. ಈಗ ದೋಸೆ ತಣ್ಣಗಾತ್."

ಮರುದಿನ ಹೇಳಲೆಂದೇ ಅವರು ಹೊರಬಂದರು. ಆದರೆ ಲಿಫ್ಟು ಬಂತು, ಅದರಿಂದ ಮೂವರು ಇಳಿದು ದಾರಿ ಬಿಟ್ಟರು. ಇಷ್ಟು ವರ್ಷ ಬ್ಯಾಂಕಿನಲ್ಲಿ ದುಡಿದರೂ ಯಾರೂ ರಾಯರಿಗಾಗಿ ಲಿಫ್ಟಿನಿಂದ ಇಳಿದವರಿಲ್ಲ. ನಾಳೆ ಹೇಳೋಣ ಎಂದುಕೊಂಡರು. ಹೀಗೆ ಸತ್ಯವು ಒಂದೊಂದೇ ನಾಳೆಗೆ ಸರಿಯುತ್ತ ಹೋಯಿತು. ಸಂಜೆಗಳು ಹೆಬ್ಬಾರರಲ್ಲಿ ಕಳೆದವು.

ಅತ್ತ ಎದುರುಮನೆಯಲ್ಲಿ ಬಾ ತಾವೂ ಓಳಿ ಹಿಡಿದಿದ್ದರು. ಈ ಸಲ ಬೇಡವೆಂದು ಡಾಕ್ಟರು ಮೊದಲೇ ಹೇಳಿದ್ದರು. ಮೂಳೆಗೆ ಚರ್ಮ ಅಂಟಿದ ದೇಹ, ಮೇಲೆ ರಕ್ತದೊತ್ತಡ ಇಳಿಯುವ ಕಾಯಿಲೆ. ಒಂದು ಬೆಳಿಗ್ಗೆ ಹೊಸ್ತಿಲ ಬಳಿಯ ಕುರ್ಚಿಯಿಂದ ಏಳಲು ಹೋಗಿ, ಬಾ ಜಪಮಾಲೆ ಸಮೇತ ನೆಲಕ್ಕೆ ಬಿದ್ದರು.

ಆ ಮಧ್ಯಾಹ್ನ ಹಿತೇನ್‌ಭಾಯಿ ರಾಯರ ಮನೆಗೆ ಬಂದರು. ವಜ್ರದ ವ್ಯಾಪಾರಿ, ಎಂದೂ ದನಿ ಏರಿಸದವರು. ಅವರ ಕಣ್ಣು ಕೆಂಪಾಗಿತ್ತು.

"ಸಾಹೇಬ್, ನನ್ನ ತಾಯಿ ಹೋಗಿಬಿಡ್ತಾಳೆ. ಇವತ್ತೇ ವ್ರತ ಬಿಡಿಸಿ ಅಂತ ಡಾಕ್ಟರು ಹೇಳಿದ್ದಾರೆ. ಅವಳು ಒಪ್ತಿಲ್ಲ."

"ಯಾಕಂತೆ?"

"ನಿಮ್ಮಿಂದ."

ರಾಯರು ಕುಳಿತುಕೊಂಡರು.

"ಅವಳು ಹೇಳ್ತಾಳೆ, ಆ ಸಾಹೇಬ ದೂರದ ಮುಲುಕಿನವನು, ನಮ್ಮ ಧರ್ಮದವನೂ ಅಲ್ಲ. ಹೆಂಡತಿ ಊರಲ್ಲಿಲ್ಲ, ಬೇಯಿಸಿಹಾಕುವವರಿಲ್ಲ. ಒಬ್ಬನೇ ಕೂತು ಆಯಂಬಿಲ್ ಮಾಡ್ತಾನೆ. ಇದರಲ್ಲೇ ಹುಟ್ಟಿದ ನಾನು ಬಿಡ್ಲಾ? ಅವನು ಮುಗಿಸೋತನಕ ನಾನೂ ಬಿಡಲ್ಲ. ಹೀಗೆ ಹೇಳಿ ಗೋಡೆ ಕಡೆ ತಿರುಗಿ ಮಲಗಿದ್ದಾಳೆ." ಹಿತೇನ್‌ಭಾಯಿ ಕೈಜೋಡಿಸಿದರು. "ನೀವು ಇವತ್ತು ವ್ರತ ಬಿಟ್ಟರೆ ಅವಳೂ ಬಿಡ್ತಾಳೆ."

ಇಷ್ಟು ಸುಲಭದಲ್ಲಿ ಪಾರಾಗುವ ದಾರಿ ತೆರೆಯಿತಲ್ಲ ಎಂದು ರಾಯರು ಎದ್ದು ನಿಂತರು. "ಬಿಟ್ಟೆ! ಈಗಲೇ ಬಿಟ್ಟೆ! ಏನು ತಿನ್ಬೇಕು ಹೇಳಿ."

ಹಿತೇನ್‌ಭಾಯಿ ಗಾಬರಿಯಿಂದ ಹಿಂದೆ ಸರಿದರು. ಕೆನ್ನೆ ಕೆನ್ನೆ ಬಡಿದುಕೊಂಡರು. "ನಾನೇನು ಕೇಳಿಬಿಟ್ಟೆ! ತಪಸ್ವಿಯ ತಪಸ್ಸು ಮುರಿಸೋಕೆ ಬಂದೆನಲ್ಲ! ಈ ಪಾಪ ನನಗೆ ಬೇಡ ಸಾಹೇಬ್. ನೀವು ಮುಂದುವರಿಸಿ. ನನ್ನ ತಾಯಿಯ ಕರ್ಮ ನನ್ನ ತಾಯಿಗೆ." ಅವರು ಹೋದ ವೇಗಕ್ಕೆ ಒಂದು ಚಪ್ಪಲಿ ರಾಯರ ಬಾಗಿಲಲ್ಲೇ ಉಳಿಯಿತು.

ಅದೇ ಗಳಿಗೆಗೆ ಹುಬ್ಬಳ್ಳಿಯಿಂದ ಫೋನು.

"ಏನ್ರೀ ಇದು! ಕೀರ್ತಿಭಾಯಿ ಹೆಂಡ್ತಿ ಫೋನ್ ಮಾಡಿದ್ರು. ನೀವು ದಿನಕ್ಕೆ ಒಂದೇ ಊಟ ಮಾಡಿ ವ್ರತ ಮಾಡ್ತಿದ್ದೀರಂತೆ, ಮೆರವಣಿಗೆ ಮಾಡ್ತಾರಂತೆ! ನಾನು ಬೀಗರಿಗೆಲ್ಲ ಹೇಳ್ಬಿಟ್ಟೆ. ನಮ್ಮಪ್ಪ ಬದಲಾದ್ರು ಅಂತ ಅಕ್ಷತಾ ತನ್ನ ಅತ್ತೆ ಮುಂದೆ ಎಷ್ಟು ಹೆಮ್ಮೆಯಿಂದ ಹೇಳಿದ್ಲು ಗೊತ್ತಾ?"

"ನಳಿನಿ, ಅದು..."

"ಏನೂ ಹೇಳ್ಬೇಡಿ. ಹೇಳಿದ್ರೆ ಪುಣ್ಯ ಹೋಗುತ್ತೆ."

ರಾಯರು ದೇವರ ಮುಂದೆ ಹೋಗಿ ಕೂತರು. ದೇವರು ಎಂದಿನಂತೆ ಏನೂ ಹೇಳಲಿಲ್ಲ. ಆದರೆ ಬಾಗಿಲ ಆಚೆಯಿಂದ ಮುದುಕಿ ಕೆಮ್ಮುವ ಸದ್ದು ಕೇಳಿಸಿತು. ಸುಳ್ಳು ತಾನು ತಿಂದರೆ ತನ್ನ ಹೊಟ್ಟೆ ಕೆಡಬೇಕು. ಇದು ಇನ್ನೊಬ್ಬರ ಪ್ರಾಣವನ್ನು ತಿನ್ನುತ್ತಿದೆಯಲ್ಲ ಎಂದು ಅವರಿಗೆ ಅನಿಸಿತು. ಅಂಗವಸ್ತ್ರ ಹೊದ್ದು ಎದುರುಮನೆಗೆ ನಡೆದರು.

ಅಲ್ಲಿ ಅರ್ಧ ಸೊಸೈಟಿ ಸೇರಿತ್ತು. ಬಾ ಮಂಚದ ಮೇಲೆ ಮಲಗಿದ್ದರು. ರಾಯರು ಬಂದದ್ದೇ ಜನ ಎದ್ದು ದಾರಿ ಬಿಟ್ಟರು.

"ಬಾ," ಎಂದರು ರಾಯರು ತಮಗೆ ಬಂದ ಹಿಂದಿಯಲ್ಲಿ, ಬರದ ಕಡೆ ಕನ್ನಡದಲ್ಲಿ. "ನಾನು ತಪಸ್ವಿ ಅಲ್ಲ. ನನಗೆ ಶುಗರ್ ಇದೆ. ಒಳ್ಳೇ ರೆಡಿಮೇಡ್ ಊಟ ಅಂತ ತಂದೆ. ದಿನಕ್ಕೆ ಮೂರು ಹೊತ್ತು ತಿಂದೆ. ಸಂಜೆ ಹೋಟ್ಲಿಗೂ ಹೋದೆ."

ಕೀರ್ತಿಭಾಯಿ ದೀರ್ಘವಾಗಿ ಉಸಿರುಬಿಟ್ಟರು.

"ಎಂಥ ನಮ್ರತೆ! ಬಾ ಅವರ ಜೀವ ಉಳಿಸೋಕೆ ತನ್ನ ಹೆಸರನ್ನೇ ಕೆಡಿಸಿಕೊಳ್ತಿದ್ದಾರೆ. ನಿಜವಾದ ತಪಸ್ವಿಗಳು ತಾವು ತಪಸ್ವಿ ಅಂತ ಎಂದಾದರೂ ಒಪ್ಪಿದ್ದುಂಟಾ?"

"ಇಲ್ಲ ಸ್ವಾಮಿ, ನಾನು ನಿಜವಾಗ್ಲೂ ತಿಂದೆ!"

"ಕೇಳಿ, ಕೇಳಿ. ಒತ್ತಿ ಒತ್ತಿ ಹೇಳ್ತಿದ್ದಾರೆ!"

ಒಬ್ಬ ಹೆಂಗಸು ಮುಂದೆ ಬಂದು ರಾಯರ ಕಾಲಿಗೆರಗಿದರು. ಇನ್ನೊಬ್ಬರು ಅವರ ಹಿಂದೆ ಸಾಲು ನಿಂತರು. ಎಷ್ಟು ನಿರಾಕರಿಸಿದರೆ ಅಷ್ಟು ಎತ್ತರಕ್ಕೆ ಏರುತ್ತಿದ್ದ ರಾಯರು, ಕೆಳಗಿಳಿಯಲು ಬೇರೆ ದಾರಿಯಿಲ್ಲದೆ ಫೋನು ತೆಗೆದು ಹೆಬ್ಬಾರರನ್ನು ಕರೆದರು.

ಹೆಬ್ಬಾರರು ಗಲ್ಲಾ ಬಿಟ್ಟು ಬರುವವರಲ್ಲ. ಆದರೆ ದನಿಯಲ್ಲಿನ ಆರ್ತತೆ ಕೇಳಿ ಬಂದರು. ಅವರನ್ನು ಮಂಚದ ಪಕ್ಕ ನಿಲ್ಲಿಸಿ ಕೀರ್ತಿಭಾಯಿ ವಿಚಾರಣೆ ಶುರುಮಾಡಿದರು. ಸೂರತ್ತಿನ ಯಾವ ನ್ಯಾಯಾಲಯದಲ್ಲೂ ಅಷ್ಟು ಗಾಂಭೀರ್ಯ ಇರಲಿಕ್ಕಿಲ್ಲ.

"ಸಾಹೇಬರು ನಿಮ್ಮ ಹೋಟೆಲಿಗೆ ಬಂದಿದ್ದರಾ?"

"ಬಂದಿದ್ರು. ದಿನಾ."

"ನೀರು ಕುಡಿಯಲು?"

"ಮಸಾಲೆ ದೋಸೆಗೆ."

"ಎಣ್ಣೆ ಇಲ್ಲದ್ದು?"

"ತುಪ್ಪದ್ದು. ಮೇಲಿಂದ ಬೆಣ್ಣೆ ಕೇಳಿದ್ರು. ನಂಗೇ ಹೆದ್ರಿಕೆ ಆಯ್ತ್."

"ಅದರಲ್ಲಿ... ಬಟಾಟಾ ಇತ್ತಾ?" ನೆಲದಡಿ ಬೆಳೆದ ಆಲೂಗಡ್ಡೆ ಜೈನರಿಗೆ ನಿಷಿದ್ಧ. ಕೀರ್ತಿಭಾಯಿಯ ದನಿ ನಡುಗಿತು.

"ಬಟಾಟೆ ಇಲ್ದೆ ಮಸಾಲೆ ದೋಸೆ ಹ್ಯಾಂಗ್ ಮಾರಾಯ್ರೆ?"

ಬಾಗಿಲ ಬಳಿ ಯಾರೋ "ಅರೆ ರೇ" ಎಂದರು.

"ಕಾಂದಾ? ಈರುಳ್ಳಿ?"

"ಕೇಳಿ ಹಾಕ್ಸಿಕೊಂಡ್ರು."

ಕಾಲಿಗೆರಗಿದ್ದ ಹೆಂಗಸು ಎದ್ದು ಸೀರೆ ಕೊಡವಿಕೊಂಡರು.

ಕೀರ್ತಿಭಾಯಿ ಕೊನೆಯ ಆಸೆಯನ್ನು ಹಿಡಿದು ಕೇಳಿದರು: "ಸೂರ್ಯಾಸ್ತಕ್ಕೆ ಮುಂಚೆಯಾ?"

"ಗರ್ಬಾ ಹಾಡು ಶುರುವಾದ್ಮೇಲೆ."

ಕೀರ್ತಿಭಾಯಿ ಕಣ್ಣು ಮುಚ್ಚಿದರು. ಕೋಣೆಯಿಂದ ಜನ ಒಬ್ಬೊಬ್ಬರೇ, ಸಾವಿನ ಮನೆಯಿಂದ ಹೊರಡುವಂತೆ ಹೊರಟರು. "ಸಾಹೇಬ್," ಎಂದರು ಕೀರ್ತಿಭಾಯಿ ಹೋಗುವ ಮುಂಚೆ, "ಸ್ಕೂಟರು ನನ್ನ ಜಾಗದಿಂದ ತೆಗೀರಿ."

ಉಳಿದವರು ನಾಲ್ವರು. ಬಾ, ಮಗ, ರಾಯರು, ಹೆಬ್ಬಾರರು. ಹಿತೇನ್‌ಭಾಯಿ ಹೆಸರುಬೇಳೆಯ ಕಟ್ಟಿನ ಬಟ್ಟಲು ಹಿಡಿದು, ತಾಯಿಯ ಮುಖವನ್ನೇ ನೋಡುತ್ತ ನಿಂತಿದ್ದರು. ಬಾ ಬಹಳ ಹೊತ್ತು ರಾಯರನ್ನು ನೋಡಿದರು. ಬೈಯುತ್ತಾರೆಂದು ರಾಯರು ತಲೆ ತಗ್ಗಿಸಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಮೂರು ಹೊತ್ತೂ ಅದನ್ನೇ ತಿಂದೆಯಾ?" ಎಂದರು ಬಾ.

"ಹೌದು ಬಾ."

"ಸಪ್ಪೆ ಅನಿಸಲಿಲ್ವಾ?"

"ತುಂಬಾ."

"ನಮಗೂ ಅನಿಸುತ್ತೆ," ಎಂದರು ಬಾ. "ನಾನು ಮದುವೆಯಾಗಿ ಬಂದ ವರ್ಷದಿಂದ ನಮ್ಮ ಹೊಸ್ತಿಲಲ್ಲಿ ಓಳಿ ನಡುವೆ ನಿಂತದ್ದಿಲ್ಲ. ನನ್ನ ಯಜಮಾನರು ತೀರಿಹೋದ ವರ್ಷವೂ ನಿಲ್ಲಲಿಲ್ಲ. ನಾನು ಈಗ ಬಿಟ್ಟರೆ ನಿಂತುಹೋಗುತ್ತೆ. ಉಳಿದ ದಿನ ನೀನು ಮಾಡ್ತೀಯಾ?"

"ನಾನಾ?"

"ಬಾ, ಒಬ್ಬರದ್ದು ಇನ್ನೊಬ್ಬರು ಮಾಡೋಕಾಗಲ್ಲ," ಎಂದರು ಹಿತೇನ್‌ಭಾಯಿ ಮೆಲ್ಲನೆ. "ನಮ್ಮ ಮುನಿ ಮಹಾರಾಜ್ ಸಾಹೇಬರೂ ಅದನ್ನೇ ಹೇಳ್ತಾರೆ."

"ಗೊತ್ತು. ಅವನ ಪುಣ್ಯ ನನಗೆ ಬರಲ್ಲ, ನನ್ನದು ಅವನಿಗೆ ಹೋಗಲ್ಲ. ಬೇಕಾಗಿಯೂ ಇಲ್ಲ. ಈ ಮಹಡಿಯಲ್ಲಿ ಯಾರಾದರೂ ಒಬ್ಬರು ಮಾಡ್ತಿದ್ದಾರೆ ಅಂತ ಗೊತ್ತಿದ್ದರೆ ನನ್ನ ಗಂಟಲಲ್ಲಿ ಅನ್ನ ಇಳಿಯುತ್ತೆ. ಇಲ್ಲದಿದ್ದರೆ ಇಳಿಯಲ್ಲ." ರಾಯರ ಕಡೆ ತಿರುಗಿದರು. "ದಿನಕ್ಕೆ ಒಂದೇ ಸಲ. ಕೂತಲ್ಲೇ. ಹುಣ್ಣಿಮೆ ಕಳೆಯೋವರೆಗೆ. ಆಗುತ್ತಾ?"

ರಾಯರು ಹೆಬ್ಬಾರರ ಕಡೆ ನೋಡಿದರು. ಹೆಬ್ಬಾರರು ಮೇಲೆ ಫ್ಯಾನಿನ ಕಡೆ ನೋಡಿದರು.

"ಡಾಕ್ಟರನ್ನ ಒಂದು ಮಾತು ಕೇಳ್ತೀನಿ ಬಾ. ಅವರು ಹೂಂ ಅಂದ್ರೆ, ಆಗುತ್ತೆ."

ಡಾಕ್ಟರು ಬರೀ ಹೂಂ ಎನ್ನಲಿಲ್ಲ. ಇದನ್ನು ಮೊದಲೇ ಮಾಡಬೇಕಿತ್ತಲ್ಲ ಎಂದು ಬೈದರು. ಬಾ ಆ ಸಂಜೆ ಸೂರ್ಯ ಮುಳುಗುವ ಮುಂಚೆ ಹೆಸರುಕಟ್ಟು ಕುಡಿದರು.

ಆಮೇಲಿನ ದಿನಗಳು ರಾಯರ ಬಾಳಿನಲ್ಲಿ ನಿಜವಾಗಿ ವ್ರತ ಮಾಡಿದ ದಿನಗಳು. ಲೋಕದ ನ್ಯಾಯ ನೋಡಿ: ಅವರು ದೋಸೆ ತಿನ್ನುವಾಗ ಕಾಲಿಗೆ ಬಿದ್ದವರು, ಅವರು ಉಪವಾಸವಿರುವಾಗ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಲಿಫ್ಟಿನ ಬಾಗಿಲು ಅವರ ಮೂಗಿನ ಮುಂದೆ ಮುಚ್ಚಿತು. ಸ್ಕೂಟರಿಗೆ ದಂಡದ ಚೀಟಿ ಅಂಟಿತು. ಜವಳಿ ವ್ಯಾಪಾರಿ ನಗುತ್ತ "ಸಾಹೇಬ್, ಇವತ್ತು ಯಾವ ದೋಸೆ?" ಎಂದ. ವ್ರತದಲ್ಲಿದ್ದೇನೆ ಎಂದು ಬಾಯಿಬಿಟ್ಟರೆ ಕೇಳಿದವರು ನಕ್ಕೇಬಿಡುತ್ತಾರೆಂದು ರಾಯರು ಸುಮ್ಮನಿದ್ದರು. ನಳಿನಿಯೂ ವಿಷಯ ತಿಳಿದು, ಫೋನಿನಲ್ಲಿ "ಇನ್ನು ನೀವು ಏಕಾದಶಿ ಅಂದ್ರೂ ನಾನು ನಂಬಲ್ಲ" ಎಂದಿದ್ದರು. ಸೂರತ್ತಿನ ಮಿಠಾಯಿ ಅಂಗಡಿಗಳು ಹುಣ್ಣಿಮೆಯ ಮರುದಿನ ಊರೆಲ್ಲ ತಿನ್ನುವ ಘಾರಿಯನ್ನು, ತುಪ್ಪದಲ್ಲಿ ಮುಳುಗಿದ ಆ ಸಿಹಿಯನ್ನು, ಗುಡ್ಡೆ ಗುಡ್ಡೆ ಪೇರಿಸಿದ್ದವು. ಆ ಬೀದಿಯಲ್ಲಿ ರಾಯರು ಉಸಿರು ಹಿಡಿದು ನಡೆಯುತ್ತಿದ್ದರು.

ಹುಣ್ಣಿಮೆಯ ದಿನ ರಜೆ ಹಾಕಿದರು. ಮಧ್ಯಾಹ್ನ ತಮ್ಮ ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು, ಬಾಗಿಲು ತೆರೆದಿಟ್ಟು, ಬಿಳಿಯ ಪೊಟ್ಟಣಕ್ಕೆ ಬಿಸಿನೀರು ಸುರಿದು ಕೂತರು. ಎದುರಿನ ಹೊಸ್ತಿಲ ಬಳಿ ಬಾ ಕುರ್ಚಿಗೆ ಮರಳಿದ್ದರು. ಮುಖಕ್ಕೆ ಸ್ವಲ್ಪ ರಕ್ತ ಬಂದಿತ್ತು. ಸೊಸೆ ಅವರ ಮುಂದೆ ಸ್ಟೂಲಿನ ಮೇಲೆ ತಟ್ಟೆ ಇಟ್ಟಳು: ತುಪ್ಪ ಸವರಿದ ಬಿಸಿ ರೊಟ್ಲಿ, ಬೆಲ್ಲ ಹಾಕಿದ ದಾಳ್, ಹಾಲಿನ ಪಾಯಸ ದೂಧ್‌ಪಾಕ್. ಡಾಕ್ಟರ ಆಜ್ಞೆ. ಏಲಕ್ಕಿಯ ವಾಸನೆ ಮೆಟ್ಟಿಲ ಜಾಗವನ್ನು ದಾಟಿ ರಾಯರ ಮಣೆಯ ತನಕ ಬಂದು ಕೂತಿತು.

ಬಾ ತುತ್ತು ಮುರಿದರು. ಮುರಿದು ಹಾಗೇ ಹಿಡಿದರು. ರಾಯರ ಬಟ್ಟಲಿನ ಸಪ್ಪೆ ಬೇಳೆಯ ಕಡೆ ನೋಡಿದರು. ತುತ್ತನ್ನು ಮೆಲ್ಲಗೆ ತಟ್ಟೆಗೆ ಇಳಿಸಿದರು.

ರಾಯರು ಅದನ್ನು ಕಂಡರು. ತಕ್ಷಣ ತಮ್ಮ ಬಟ್ಟಲಿನಿಂದ ದೊಡ್ಡದೊಂದು ತುತ್ತೆತ್ತಿ ಬಾಯಿಗಿಟ್ಟು, ಕಣ್ಣುಮುಚ್ಚಿ, ಹೆಬ್ಬಾರರ ಹೋಟೆಲಿನಲ್ಲೂ ಎಂದೂ ತೋರಿಸಿರದ ರುಚಿಯನ್ನು ಮುಖದ ಮೇಲೆ ತಂದುಕೊಂಡು ನಿಧಾನವಾಗಿ ಅಗಿದರು.

"ಬಹಳ ಚೆನ್ನಾಗಿದೆ ಬಾ," ಎಂದರು. "ನೀವೂ ತಿನ್ನಿ, ಆರಿಹೋಗುತ್ತೆ."

ಬಾ ಆ ಮುಖವನ್ನು ನೋಡಿದರು. ಅವರ ಸೊರಗಿದ ಭುಜಗಳು ಅಲುಗಿದವು. ಅದು ನಗು. ಆ ಮನುಷ್ಯ ಮತ್ತೆ ಸುಳ್ಳು ಹೇಳುತ್ತಿದ್ದಾನೆಂದು ಬಾ ಅವರಿಗೆ ಗೊತ್ತಿತ್ತು. ಅವರು ತುತ್ತೆತ್ತಿ ಬಾಯಿಗಿಟ್ಟರು. ಆಮೇಲೆ ಇನ್ನೊಂದು. ರಾಯರು ತಮ್ಮ ಬಟ್ಟಲು ಬರಿದಾಗುವ ತನಕ ಎದುರಿನ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ.